ಕಲ್ಕತ್ತಾ ಪ್ರವಾಸದ ಜಮಾ-ಖರ್ಚು

ಪ್ರವಾಸ ಮುಗಿಸಿ ಬಂದವರನ್ನು ಕೇಳಿ ನೋಡಿ. ಒಂದೋ ‘ಎಲ್ಲ ಅದ್ಭುತ’ ಎನ್ನುತ್ತಾರೆ, ಇಲ್ಲವೇ ‘ದುಡ್ಡು ದಂಡ’ ಎನ್ನುತ್ತಾರೆ. ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಹೋದ ಜನವರಿಯಲ್ಲಿ ನಾನೂ ನನ್ನಾಕೆಯೂ ಕೋಲ್ಕತ್ತಾಕ್ಕೆ ಹೋಗಿ ಆರು ದಿನ ಇದ್ದು ಬಂದೆವು. ಅದರ ಲೆಕ್ಕ ಇದು.

ಕೋಲ್ಕತ್ತಾವೇ ಏಕೆ ಎಂದು ಮೊಮ್ಮಕ್ಕಳು ಕೇಳಿದರು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ದೂರದ ಊರಿಗೆ ಹಣ ಕಳಿಸಲು ವರ್ತಕರು ಡಿ.ಡಿ. ಮಾಡಿಸುತ್ತಿದ್ದರು. ಅದರ ಮೇಲೆ ‘ಕಲ್ಕತ್ತಾ’ ಎಂದು ಎಷ್ಟು ಸಲ ಬರೆದೆನೋ, ಊರನ್ನು ಮಾತ್ರ ನೋಡಿರಲಿಲ್ಲ. 2001ರಲ್ಲಿ ಅದು ಕೋಲ್ಕತ್ತಾ ಆಯಿತು. ಇಂದಿನ ಸ್ಟೇಟ್ ಬ್ಯಾಂಕಿನ ಮೂಲವಾದ ಬ್ಯಾಂಕ್ ಆಫ್ ಕಲ್ಕತ್ತಾ 1806ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಬ್ಯಾಂಕಿನವರಿಗೆ ಅದು ತವರೂರು ಇದ್ದಂತೆ! ನನ್ನಾಕೆಗೆ ದಕ್ಷಿಣೇಶ್ವರದ ಕಾಳಿಯ ದರ್ಶನವಾಗಬೇಕಿತ್ತು. ಇಬ್ಬರಿಗೂ ಒಪ್ಪಿಗೆಯಾಯಿತು.

ಮೊದಲು ಖರ್ಚಿನ ಬಾಬತ್ತು. ಹೌರಾ ನಿಲ್ದಾಣದಲ್ಲಿ ಇಳಿಯುತ್ತಲೇ ಒಬ್ಬ ಟ್ಯಾಕ್ಸಿಯವನು ನಮ್ಮ ಬಿಳಿ ತಲೆ, ಎರಡು ಪೆಟ್ಟಿಗೆ ನೋಡಿ ಬಾಯಿಗೆ ಬಂದ ಬಾಡಿಗೆ ಹೇಳಿದ. ಚೌಕಾಸಿ ಮಾಡಿದರೂ ಮರುದಿನ ಅದೇ ದಾರಿಗೆ ಕೊಟ್ಟದ್ದಕ್ಕಿಂತ ಎರಡರಷ್ಟು ಕೊಟ್ಟೆವು. ವಸತಿಗೃಹದ ಕೆಳಗೇ ಮೀನು ಕರಿಯುವ ಅಂಗಡಿ. ನನ್ನಾಕೆ ಎರಡು ದಿನ ಕಿಟಕಿ ತೆರೆಯಲಿಲ್ಲ. ಅವಳಿಗೆ ಮಂಡಿನೋವು ಬೇರೆ. ವಿಕ್ಟೋರಿಯಾ ಸ್ಮಾರಕದ ಅಮೃತಶಿಲೆ ಕಣ್ಣಿಗೆ ತಂಪು, ಮೆಟ್ಟಿಲುಗಳು ಮಂಡಿಗೆ ಕಷ್ಟ. ವಸ್ತು ಸಂಗ್ರಹಾಲಯದಲ್ಲಿ ನಾನು ಈಜಿಪ್ಟಿನ ಮಮ್ಮಿಯನ್ನು ಕಣ್ಣರಳಿಸಿ ನೋಡುತ್ತಿದ್ದರೆ, ಅವಳು, “ಸತ್ತವರನ್ನು ಮಲಗಲೂ ಬಿಡದೆ ಇದೇನ್ರೀ ಪ್ರದರ್ಶನ?” ಎಂದು ಹೊರಗೆ ಹೋಗಿ ಕುಳಿತಳು.

ಒಂದು ಬಾಬತ್ತು ಎಲ್ಲಿ ಬರೆಯಬೇಕೆಂದು ಇನ್ನೂ ತಿಳಿದಿಲ್ಲ. ಕೋಲ್ಕತ್ತಾದಲ್ಲಿ ಮನುಷ್ಯರೇ ಎಳೆಯುವ ರಿಕ್ಷಾಗಳು ಇನ್ನೂ ಇವೆ. ಹೆಚ್ಚುಕಡಿಮೆ ನನ್ನ ವಯಸ್ಸಿನವರೊಬ್ಬರು ಗಂಟೆ ಅಲ್ಲಾಡಿಸುತ್ತ ಕರೆದರು. “ನನ್ನ ಕಾಲು ನೋಯಲಿ, ಅವರ ಕಾಲು ನನ್ನ ಭಾರ ಹೊರುವುದು ಬೇಡ” ಎಂದು ನನ್ನಾಕೆ ನಡೆದೇಬಿಟ್ಟಳು. ಆತನ ಮುಖ ಸಪ್ಪಗಾಯಿತು. ಹತ್ತಿದ್ದರೆ ಆತನಿಗೆ ಅಂದಿನ ಊಟದ ಕಾಸು ಸಿಗುತ್ತಿತ್ತಲ್ಲ ಎಂದು ನಾನು. ಹತ್ತುವುದು ತಪ್ಪೆಂದು ಅವಳು. ಇದು ನಮ್ಮಿಬ್ಬರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಮಕ್ಕಳೇ, ನೀವೇನು ಮಾಡುತ್ತಿದ್ದಿರಿ?

ಇನ್ನು ಜಮಾ. ಹೌರಾ ಸೇತುವೆ 1943ರಲ್ಲಿ ಸಂಚಾರಕ್ಕೆ ತೆರೆದದ್ದು. ಸುಮಾರು 26,500 ಟನ್ ಉಕ್ಕಿನ ಈ ಸೇತುವೆಯಲ್ಲಿ ನಟ್ಟು-ಬೋಲ್ಟುಗಳಿಲ್ಲ. ಎಲ್ಲವೂ ರಿವೆಟ್ ಹೊಡೆದು ಕೂಡಿಸಿದ್ದು. ನದಿಯ ನಡುವೆ ಒಂದು ಕಂಬವೂ ಇಲ್ಲ. ಸೇತುವೆಯ ಬುಡದಲ್ಲೇ ಮಲ್ಲಿಕ್ ಘಾಟಿನ ಹೂವಿನ ಸಂತೆ. ಮಾರು ಲೆಕ್ಕದಲ್ಲಿ ಹೂ ಕೊಂಡು ರೂಢಿಯಾದ ನನ್ನಾಕೆ, ತಲೆಯ ಮೇಲೆ ಚೆಂಡುಹೂವಿನ ಮಾಲೆಗಳ ಹೊರೆ ಹೊತ್ತು ನಡೆಯುವವರನ್ನು ಕಂಡು ಮಂಡಿನೋವು ಮರೆತಳು. ಟ್ರಾಮ್ ಕೂಡ ಹತ್ತಿದೆವು. ಅಲ್ಲಿ 1873ರಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮ್ ಬಂತು, 1902ರಲ್ಲಿ ವಿದ್ಯುತ್ತಿನದು. ಈಗ ಉಳಿದಿರುವುದು ಕೆಲವೇ ಮಾರ್ಗ. ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೆ. ನಮ್ಮ ವಯಸ್ಸಿಗೆ ಹೇಳಿಮಾಡಿಸಿದಂತಿತ್ತು. ಮಣ್ಣಿನ ಕುಡಿಕೆಯಲ್ಲಿ ಕೊಡುವ ಸಿಹಿ ಮೊಸರು ದಿನಕ್ಕೆರಡು ಸಲ ಆಯಿತು.

ಐದನೆಯ ದಿನ ಶಿಬಪುರದ ಸಸ್ಯೋದ್ಯಾನಕ್ಕೆ ಹೊರಟೆವು. ಹೂಗ್ಲಿ ನದಿಯ ಕೆಳಗೆ ಸುರಂಗದಲ್ಲಿ ಹೋಗುವ ಮೆಟ್ರೋ 2024ರ ಮಾರ್ಚ್‌ನಲ್ಲಿ ಶುರುವಾಗಿದೆ. ಅದನ್ನು ಹತ್ತಲು ಎಸ್ಪ್ಲನೇಡ್ ನಿಲ್ದಾಣದಲ್ಲಿ ನಿಂತೆವು. ರೈಲು ಬಂತು, ಹಿಂದಿನಿಂದ ಜನ ನುಗ್ಗಿದರು. ನನ್ನಾಕೆ ಒಳಗೆ ಸೇರಿದಳು, ನಾನು ಪಕ್ಕಕ್ಕೆ ಸರಿದುಹೋದೆ. ಗಾಜಿನ ಬಾಗಿಲು ಮುಚ್ಚಿತು. ಗಾಜಿನಾಚೆ ಅವಳ ಮುಖ ಒಂದು ಕ್ಷಣ ಕಂಡಿತು. ರೈಲು ಹೊರಟಿತು.

ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮೊಬೈಲ್ ಕೊಡಿಸುತ್ತೇನೆಂದರೆ ಎಂದೂ ಒಪ್ಪಿದವಳಲ್ಲ. ವಸತಿಗೃಹದ ಹೆಸರೂ ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ನನ್ನ ಕೈ ನಡುಗತೊಡಗಿತು. ಮುರುಕು ಹಿಂದಿಯಲ್ಲಿ ಅಲ್ಲಿದ್ದ ಸಿಬ್ಬಂದಿಗೆ ಹೇಳಿದೆ. ಅವರು ನನ್ನನ್ನು ಕೂರಿಸಿ, ಮುಂದಿನ ನಿಲ್ದಾಣಗಳಿಗೆ ಫೋನ್ ಮಾಡಿದರು. “ಸೀರೆಯ ಬಣ್ಣ ಯಾವುದು?” ಎಂದರು. ಹಸಿರು, ಕೆಂಪು ಅಂಚು ಎಂದೆ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಉಟ್ಟ ಸೀರೆಯನ್ನು ನಾನು ಗಮನಿಸುವುದೇ ಇಲ್ಲ ಎಂಬುದು ಅವಳ ಹಳೆಯ ದೂರು. ಆ ದಿನ ಹೇಗೋ ಗೊತ್ತಿತ್ತು. ಫೋನ್ ತಿರುಗಿ ಬರಲು ಹಿಡಿದದ್ದು ಹತ್ತು ನಿಮಿಷ. ನನಗೆ ಅದು ಹತ್ತು ನಿಮಿಷವಾಗಿರಲಿಲ್ಲ.

ಮುಂದಿನ ನಿಲ್ದಾಣ ಮಹಾಕರಣದಲ್ಲೇ ಅವಳಿದ್ದಳು. ನಾನು ಹೋಗಿ ನೋಡಿದರೆ, ಬೆಂಚಿನ ಮೇಲೆ ಸಮವಸ್ತ್ರದ ಶಾಲಾ ಹುಡುಗಿಯೊಬ್ಬಳ ಜತೆ ಬಿಸ್ಕತ್ತು ತಿನ್ನುತ್ತಿದ್ದಳು! ಆ ಮಗು ಬಂಗಾಳಿಯಲ್ಲಿ, ಇವಳು ಕನ್ನಡದಲ್ಲಿ. ಅದು ‘ಜೊಲ್’ ಎಂದಾಗ ಜಲ ಎಂದು ಇವಳಿಗೆ ಹೊಳೆದು ನೀರು ಕುಡಿದಿದ್ದಾಳೆ. ‘ಶಾಮಿ?’ ಎಂದಾಗ ಮಾತ್ರ ದೇವರನ್ನು ಕೇಳುತ್ತಿದೆ ಎಂದು ಕೈ ಮುಗಿದಳಂತೆ. ಬಂಗಾಳಿಯಲ್ಲಿ ಸ್ವಾಮಿ ಎಂದರೆ ಗಂಡ. ಅವರು ಅದನ್ನು ‘ಶಾಮಿ’ ಎನ್ನುತ್ತಾರೆ. ನಾನು ಬರುವವರೆಗೂ ಆ ಮಗು ತನ್ನ ರೈಲುಗಳನ್ನು ಬಿಟ್ಟುಕೊಂಡು ಕೂತಿತ್ತು. ಹೊರಡುವಾಗ ‘ದಿದಿಮಾ’ ಎಂದು ಇವಳ ಕಾಲಿಗೆ ನಮಸ್ಕರಿಸಿತು. ದಿದಿಮಾ ಎಂದರೆ ಅಮ್ಮನ ಅಮ್ಮ.

“ಹೆದರಿಕೆಯಾಗಲಿಲ್ಲವೇನೇ?” ಎಂದು ಕೇಳಿದೆ. “ಆಯಿತು. ಆದರೆ ಚಿಕ್ಕವಳಿದ್ದಾಗ ತೇರಿನ ದಿನ ಅಪ್ಪ ಹೇಳುತ್ತಿದ್ದರು: ಕೈ ತಪ್ಪಿದರೆ ನೀನು ಹುಡುಕಬೇಡ, ಒಂದು ಕಡೆ ನಿಲ್ಲು. ಇಬ್ಬರೂ ಹುಡುಕಿದರೆ ಯಾರೂ ಸಿಗುವುದಿಲ್ಲ. ಅದಕ್ಕೇ ಮೊದಲನೇ ಸ್ಟೇಷನ್ನಲ್ಲೇ ಇಳಿದು ಕೂತೆ. ನೀವು ಬರ್ತೀರಿ ಅಂತ ಗೊತ್ತಿತ್ತು” ಎಂದಳು.

ನದಿಯ ಕೆಳಗಿನ ಸುರಂಗ ಒಂದು ನಿಮಿಷದೊಳಗೆ ಮುಗಿಯಿತು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಜನ ನೋಡುತ್ತಾರೆ ಎಂದು ಅವಳು ಬಿಡಿಸಿಕೊಳ್ಳಲಿಲ್ಲ.

ಶಿಬಪುರದ ಉದ್ಯಾನ 1787ರದು. ಅಲ್ಲಿನ ಮಹಾ ಆಲದ ಮರಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ. ಬಿರುಗಾಳಿಗೆ ಸಿಕ್ಕಿ, ರೋಗ ತಗುಲಿದ ಮುಖ್ಯ ಕಾಂಡವನ್ನು 1925ರಲ್ಲೇ ಕಡಿದು ತೆಗೆದರು. ಆದರೂ 3,000ಕ್ಕೂ ಹೆಚ್ಚು ಬಿಳಲುಗಳ ಮೇಲೆ ನಿಂತು ಅದು ಹಬ್ಬುತ್ತಲೇ ಇದೆ. ದೂರದಿಂದ ನೋಡಿದರೆ ಒಂದು ಮರವಲ್ಲ, ಕಾಡು. ನನ್ನಾಕೆ ಅದರೆದುರು ಕುಳಿತು, ಬುತ್ತಿಯ ಚಪಾತಿ ಬಿಚ್ಚಿ, “ಈ ಪ್ರವಾಸ ಚೆನ್ನಾಗಿದೆ ಕಣ್ರೀ” ಎಂದಳು. ಐದು ದಿನಗಳಲ್ಲಿ ಮೊದಲ ಸಲ.

ಊರಿಗೆ ಬಂದ ಮೇಲೆ ಅವಳು ಮೊಬೈಲ್‌ಗೆ ಒಪ್ಪಿದ್ದಾಳೆ. ಮೊಮ್ಮಗಳು ದಿನಾ ಸಂಜೆ ಅರ್ಧ ಗಂಟೆ ಪಾಠ ಮಾಡುತ್ತಾಳೆ. ಅಜ್ಜ-ಅಜ್ಜಿಯರೇ, ಪ್ರವಾಸ ಹೊರಡುವಾಗ ತಂಗುವ ಜಾಗದ ವಿಳಾಸ, ಮನೆಯವರ ಫೋನ್ ನಂಬರು ಬರೆದ ಚೀಟಿ ಇಬ್ಬರ ಬಳಿಯೂ ಇರಲಿ. ಮಕ್ಕಳೇ, ಜಾತ್ರೆಯಲ್ಲೋ ರೈಲಿನಲ್ಲೋ ಕೈ ತಪ್ಪಿದರೆ ಎಲ್ಲಿ ನಿಲ್ಲಬೇಕೆಂದು ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ದಾರಿಯಲ್ಲಿ ಯಾವ ಅಜ್ಜಿಯಾದರೂ ಒಬ್ಬಳೇ ದಿಕ್ಕು ತಪ್ಪಿ ನಿಂತದ್ದು ಕಂಡರೆ, ಭಾಷೆ ಬಾರದಿದ್ದರೂ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.