ಸ್ವಲ್ಪ ಮೂಡಕ್ಕೆ ಸರಿ

ನಮ್ಮ ಕರಾವಳಿಯವರಿಗೆ ಎಡಬಲದ ಮೇಲೆ ಅಷ್ಟು ನಂಬಿಕೆಯಿಲ್ಲ. ತಿರುಗಿ ನಿಂತರೆ ಎಡ ಇದ್ದದ್ದು ಬಲವಾಗುತ್ತದೆ. ಅಂಥ ಚಂಚಲವನ್ನು ನಂಬಿ ವ್ಯವಹಾರ ಮಾಡುವುದು ಹೇಗೆ? ನಮ್ಮದೇನಿದ್ದರೂ ಮೂಡು, ಪಡು, ಬಡಗು, ತೆಂಕು. ಮದುವೆಯ ಹಂತಿಯಲ್ಲಿ ಬಡಿಸುವವನು ‘ಎಲೆ ಸ್ವಲ್ಪ ತೆಂಕಕ್ಕೆ ಎಳೆಯಿರಿ’ ಎನ್ನುತ್ತಾನೆ. ಉಪ್ಪಿನ ಭರಣಿ ಎಲ್ಲಿ ಎಂದು ಕೇಳಿದರೆ ಒಳಗಿನಿಂದ ‘ಒಲೆಯ ಬಡಗು ಬದಿಯಲ್ಲಿ ಉಂಟು’ ಎಂಬ ಉತ್ತರ ಬರುತ್ತದೆ. ಯಕ್ಷಗಾನಕ್ಕೆ ತೆಂಕುತಿಟ್ಟು, ಬಡಗುತಿಟ್ಟು. ಊರಿಗೆ ಪಡುಬಿದ್ರಿ, ಮೂಡುಬಿದಿರೆ. ಬೆಂಗಳೂರಿನಲ್ಲಿ ಒಮ್ಮೆ ಆಟೋದವನಿಗೆ ‘ಮುಂದಿನ ಸರ್ಕಲಿನಲ್ಲಿ ಪಡುವಕ್ಕೆ ತಿರುಗಿಸಿ’ ಎಂದುಬಿಟ್ಟೆ. ಅವನು ಗಾಡಿ ನಿಲ್ಲಿಸಿ, ಹಿಂದಕ್ಕೆ ತಿರುಗಿ, ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ಇದಕ್ಕೆಲ್ಲ ಕಾರಣ ಕಡಲು. ಕಣ್ಣು ಮುಚ್ಚಿ ಮಲಗಿದರೂ ಪಡು ಯಾವ ಕಡೆ ಎಂದು ಕಿವಿಗೆ ಗೊತ್ತಿರುತ್ತದೆ.

ಉಳ್ಳಾಲದಿಂದ ತೆಂಕಕ್ಕೆ, ಸೋಮೇಶ್ವರದ ಕಡೆಯ ಮರಳಪಟ್ಟಿಯಲ್ಲಿ ನಮ್ಮ ಅತ್ತೆಯ ಮನೆ. ದೊಡ್ಡ ರಜೆಯಲ್ಲಿ ನಾವು ಹತ್ತು ಹನ್ನೆರಡು ಮಕ್ಕಳು ಅಲ್ಲಿ ಸೇರುತ್ತಿದ್ದೆವು. ರಾತ್ರಿ ಚಾವಡಿಯಲ್ಲಿ ಸಾಲಾಗಿ ಚಾಪೆ. ಕೊನೆಗೆ ಬಂದವನಿಗೆ ಜಾಗ ಇರುತ್ತಿರಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಿಂದಲೇ ಕೂಗುತ್ತಿದ್ದರು: ‘ಎಲ್ಲರೂ ಸ್ವಲ್ಪ ಸ್ವಲ್ಪ ಮೂಡಕ್ಕೆ ಸರಿಯಿರಿ ಮಕ್ಕಳೇ.’ ಅವರು ಹೇಳುತ್ತಿದ್ದದ್ದು ತುಳುವಿನಲ್ಲಿ. ಕನ್ನಡಕ್ಕೆ ಇಳಿಸಿದವನು ನಾನು. ಸಾಲು ಇಡಿಯಾಗಿ ಹಾವಿನಂತೆ ಒಮ್ಮೆ ಮೂಡಕ್ಕೆ ಹೊರಳುತ್ತಿತ್ತು, ಪಡುವಿನ ತುದಿಯಲ್ಲಿ ಒಂದು ಚಾಪೆಯ ಜಾಗ ಹುಟ್ಟುತ್ತಿತ್ತು. ಆ ತುದಿಯ ಚಾಪೆಗೆ ನಮ್ಮಲ್ಲಿ ಜಗಳ. ಅಲ್ಲಿ ಮಲಗಿದರೆ ಕಡಲು ನಮ್ಮ ಕಿವಿಯೊಳಗೇ ಉರುಳಿದ ಹಾಗೆ ಕೇಳುತ್ತಿತ್ತು.

ಆಗ ಕಡಲು ದೂರದಲ್ಲಿತ್ತು. ಎಷ್ಟು ದೂರ? ಅಲ್ಲಿ ಯಾರೂ ಅದನ್ನು ಅಡಿಯಲ್ಲಿ, ಮೀಟರಿನಲ್ಲಿ ಹೇಳುತ್ತಿರಲಿಲ್ಲ. ‘ಒಂಬತ್ತು ಸಾಲು’ ಎನ್ನುತ್ತಿದ್ದರು. ಒಂಬತ್ತು ಸಾಲು ತೆಂಗು. ಅದಾದ ಮೇಲೆ ಮುಂಡುಗದ ಬೇಲಿ, ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬಿದ ಮರಳದಿಬ್ಬ, ದಿಬ್ಬದಾಚೆ ದೋಣಿ, ದೋಣಿಯಾಚೆ ನೀರು. ಒಂಬತ್ತು ಸಾಲುಗಳಲ್ಲಿ ನಾಲ್ಕು ಅತ್ತೆಯವು, ಉಳಿದವು ಪಡುಮನೆಯವರವು. ಪಡುಮನೆ ಎಂದರೆ ನಮ್ಮಿಂದ ಪಡುವಿಗಿರುವ ಮನೆ, ಅಷ್ಟೆ. ಮೀನಿನ ವ್ಯಾಪಾರದ ಬ್ಯಾರಿ ಕುಟುಂಬ. ಅವರ ಮನೆಗೆ ಬೇರೆ ಹೆಸರು ಇದ್ದೀತು, ಗೋಡೆಯಲ್ಲಿ ಬರೆದದ್ದೂ ಇದ್ದೀತು; ನಮಗೆ ಅದು ಪಡುಮನೆ, ಅವರಿಗೆ ನಾವು ಮೂಡುಮನೆ. ಅವರ ಬಾವಿಯ ನೀರು ಸಿಹಿ. ಅಷ್ಟು ಹತ್ತಿರ ಉಪ್ಪುಕಡಲನ್ನು ಇಟ್ಟುಕೊಂಡು ಮರಳಿನ ಬಾವಿ ಅಷ್ಟು ಸಿಹಿ ನೀರು ಕೊಡುವುದು ನನಗೆ ಈಗಲೂ ಆಶ್ಚರ್ಯ.

ಅತ್ತೆಯ ಜಾಗ ಡಿಕ್ಲರೇಶನ್ನಿನಲ್ಲಿ ಸಿಕ್ಕಿದ್ದು. 1974ರ ಭೂಸುಧಾರಣೆಯ ಕಾಯಿದೆ ಬಂದಾಗ ಮಾವ ಅರ್ಜಿ ಹಾಕಿ, ಓಡಾಡಿ, ಪಡೆದ ಕಾಗದ ಟ್ರಂಕಿನಲ್ಲಿದೆ. ಅದರ ಚೆಕ್ಕುಬಂದಿಯಲ್ಲಿ ಪಡುವಲಿಗೆ ಪಡುಮನೆಯವರ ಹಿತ್ತಿಲು ಎಂದಿದೆ. ಕಡಲಿನ ಸುದ್ದಿಯೇ ಇಲ್ಲ. ಕಾಗದ ಬರೆದವನಿಗೆ ಕಡಲು ನೆರೆಯವನಾಗಬಹುದು ಎಂದು ಹೊಳೆದಿರಲಿಕ್ಕಿಲ್ಲ.

ಪೇಪರಿನವರು ‘ಕಡಲ್ಕೊರೆತ’ ಎನ್ನುತ್ತಾರೆ. ಅತ್ತೆಯ ಬಾಯಲ್ಲಿ ಆ ಶಬ್ದವನ್ನು ಒಂದು ದಿನವೂ ಕೇಳಿಲ್ಲ. ಅವರದ್ದು ‘ಕಡಲು ಬಂತು’, ‘ಕಡಲು ಹೋಯಿತು’. ನೆಂಟರ ಹಾಗೆ. ಈ ನೆಂಟಸ್ತಿಕೆಯಲ್ಲಿ ಒಂದು ಲೆಕ್ಕವೂ ಇತ್ತು. ಆಟಿಯ ಎತ್ತರದ ತೆರೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ಆಚೆ, ನೀರಿನಡಿ, ದಿಬ್ಬ ಕಟ್ಟಿ ಇಡುತ್ತವೆ. ಮಳೆ ಹಿಂದೆ ಸರಿದು ಕಡಲು ತಣಿದ ಮೇಲೆ ಸಣ್ಣ ಸಣ್ಣ ತೆರೆಗಳು ಅದೇ ಮರಳನ್ನು ಸೆರಗಿನಲ್ಲಿ ಕಟ್ಟಿ ತಂದಂತೆ ತಂದು ಸುರಿಯುತ್ತವೆ. ದೀಪಾವಳಿ ಕಳೆದ ಮೇಲೆ ನಿಧಾನಕ್ಕೆ ದಡ ತುಂಬುತ್ತದೆ. ‘ಕಡಲು ಸಾಲ ತಕ್ಕೊಳ್ಳುದು ಮಗಾ, ಕದಿಯುದಲ್ಲ’ ಎಂದು ಮಾವ ಹೇಳುತ್ತಿದ್ದರು. ವಿಜ್ಞಾನಿಗಳು ಇದನ್ನೇ ಗ್ರಾಫ್ ಹಾಕಿ ವಿವರಿಸುತ್ತಾರೆ. ಮಾವನ ವಿವರಣೆಯಲ್ಲಿ ತಪ್ಪೇನೂ ಇರಲಿಲ್ಲ. ಸಾಲಗಾರ ಮರಳಿಸಬೇಕಾದರೆ ಅವನ ಹತ್ತಿರ ಇರಬೇಕಲ್ಲ ಎಂಬ ಒಂದು ಸಂಗತಿ ಮಾತ್ರ ಅವರಿಗೆ ಹೊಳೆದಿರಲಿಲ್ಲ.

ನೇತ್ರಾವತಿ ಮತ್ತು ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವ ಅಳಿವೆಬಾಗಿಲು ಅತ್ತೆಯ ಮನೆಯಿಂದ ಬಡಗಕ್ಕೆ. ಅದರ ಒಂದು ಬದಿ ಬೆಂಗ್ರೆ, ಇನ್ನೊಂದು ಬದಿ ಉಳ್ಳಾಲದ ಕೋಟೆಪುರ. ಮೊದಲು ಈ ಅಳಿವೆ ತನಗೆ ಬೇಕಾದಂತೆ ಬಾಯಿ ಸರಿಸುತ್ತಿತ್ತಂತೆ. ಹಳೆ ಬಂದರಿನ ದೋಣಿಗಳಿಗೆ ಹೂಳಿನ ಕಾಟ ತಪ್ಪಲೆಂದು 1990ರ ದಶಕದಲ್ಲಿ ಎರಡೂ ಬದಿಗೆ ಕಡಲೊಳಗೆ ಕಲ್ಲಿನ ದಂಡೆ ಚಾಚಿದರು. ಬ್ರೇಕ್‌ವಾಟರ್. ದೋಣಿಗಳಿಗೆ ಅನುಕೂಲವೇ ಆಯಿತು, ಸುಳ್ಳು ಹೇಳಬಾರದು. ಆದರೆ ತೆರೆ ಓರೆಯಾಗಿ ಬಂದು ಬಡಿಯುವಾಗ ಮರಳು ದಡದ ಉದ್ದಕ್ಕೆ ನಡೆಯುತ್ತದೆ, ಮೀನು ಮಾರುವವರು ಮನೆಯಿಂದ ಮನೆಗೆ ನಡೆದಂತೆ. ನಡುವೆ ಗೋಡೆ ಹಾಕಿದರೆ ಒಂದು ಬದಿಯಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ಬದಿಯ ಮನೆಗೆ ಮೀನಿಲ್ಲ. ಬೆಂಗ್ರೆಯಲ್ಲಿ ದಡ ಬೆಳೆಯಿತು, ಉಳ್ಳಾಲದಲ್ಲಿ ಕರಗಿತು.

ಇನ್ನೊಂದು ಲೆಕ್ಕ ಹೇಳಲು ನನಗೆ ಸ್ವಲ್ಪ ಮುಜುಗರ. ಮರಳು ಹುಟ್ಟುವುದು ಮೂಡಿನಲ್ಲಿ, ಘಟ್ಟದ ಕಲ್ಲು ಸವೆದು. ಅದನ್ನು ಪಡುವಿಗೆ ತಂದು ಕಡಲಿಗೆ ಕೊಡುವುದು ಹೊಳೆಯ ಕೆಲಸ. ದಾರಿಯಲ್ಲಿ ಅಣೆಕಟ್ಟುಗಳಿವೆ, ಅದಕ್ಕಿಂತ ಹೆಚ್ಚಾಗಿ ಲಾರಿಗಳಿವೆ. ನಾನು ಮಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಾಗ ಬಿಲ್ಡರ್ ಗೋಡೆಯನ್ನು ತಟ್ಟಿ, ‘ಎಂ-ಸ್ಯಾಂಡ್ ಅಲ್ಲ ಸಾರ್, ಅಪ್ಪಟ ನೇತ್ರಾವತಿ ಹೊಯಿಗೆ’ ಎಂದಿದ್ದ. ಗೃಹಪ್ರವೇಶಕ್ಕೆ ಬಂದ ಅತ್ತೆಗೆ ನಾನೂ ಅದೇ ಜಂಬದಲ್ಲಿ ಹೇಳಿದೆ. ಅವರು ಗೋಡೆಯ ಮೇಲೆ ಒಮ್ಮೆ ಕೈಯಾಡಿಸಿ, ‘ಹಾಗಾದರೆ ನಮ್ಮ ಅಂಗಳ ಇಲ್ಲಿ ಉಂಟು’ ಎಂದು ನಕ್ಕರು. ತಮಾಷೆಗೇ ಹೇಳಿದ್ದು. ಆ ಗೋಡೆಗೆ ಮೊಳೆ ಹೊಡೆಯಬೇಕಾದಾಗಲೆಲ್ಲ ನನಗೆ ನೆನಪಾಗುತ್ತದೆ.

ಸಾಲುಗಳು ಹೋದವು. ತೆಂಗು ಒಮ್ಮೆಲೇ ಬೀಳುವುದಿಲ್ಲ. ಮೊದಲು ಬೇರು ತೋರಿಸುತ್ತದೆ. ಅಡಿಯ ಮರಳು ಜಾರಿದಾಗ ಬೆರಳ ದಪ್ಪದ ನೂರಾರು ಕೆಂಗಂದು ಬೇರುಗಳು ಹಿಡಿಸೂಡಿಯ ಕಡ್ಡಿಗಳಂತೆ ಗಾಳಿಯಲ್ಲಿ ನಿಲ್ಲುತ್ತವೆ. ಒಂದೆರಡು ದಿನ ಮರ ಆ ಹಿಡಿಸೂಡಿಯ ಮೇಲೆ ನಿಂತಿರುತ್ತದೆ, ತಲೆಯಲ್ಲಿ ಎಳನೀರೂ ಇರುತ್ತದೆ. ಆಮೇಲೆ ಒಂದು ರಾತ್ರಿ ಪಡುವಕ್ಕೆ ಬೀಳುತ್ತದೆ. ಒಂಬತ್ತು ಏಳಾಯಿತು, ಏಳು ಐದಾಯಿತು. ಪಡುಮನೆಯ ಹಿರಿಯರು ಬಿದ್ದ ಮರದ ಕಾಯಿ ಕೀಳಿಸಿ ನಮಗೂ ಕಳಿಸುತ್ತಿದ್ದರು, ತೋಟದ ಕೊಯ್ಲಾದಾಗ ಕಳಿಸಿದಂತೆಯೇ.

ಪಡುಮನೆ ಹೋದದ್ದು 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತಕ್ಕೆ. ಎಲ್ಲರೂ ಜೂನ್‌ಗೆ ತಯಾರಾಗುತ್ತಿದ್ದರು; ಕಡಲು ಹೇಳದೆ ಕೇಳದೆ ಮೊದಲೇ ಬಂತು. ಲಾಕ್‌ಡೌನ್ ಬೇರೆ. ಮನೆಯಲ್ಲೇ ಇರಿ, ಹೊರಗೆ ಹೊರಡಬೇಡಿ ಎಂದು ಮೈಕಿನಲ್ಲಿ ಕೂಗುತ್ತಿದ್ದ ದಿನಗಳಲ್ಲಿ ಮನೆಯೇ ಹೊರಟಿತು. ಮೊದಲು ಪಾಯಿಖಾನೆ, ಆಮೇಲೆ ಅಡುಗೆಮನೆ. ಹಂಚು, ಬಾಗಿಲು, ಕಪಾಟು, ಫ್ರಿಜ್ಜು, ಎರಡು ಆಡು, ಎಲ್ಲವೂ ಒಂದು ಮಧ್ಯಾಹ್ನದಲ್ಲಿ ಅತ್ತೆಯ ಚಾವಡಿಗೆ ಬಂದವು. ಅವರು ಈಗ ಮೂಡಕ್ಕೆ ಆರೇಳು ಮೈಲು ದೂರ, ಗುಡ್ಡದ ಮೇಲೆ ಬಾಡಿಗೆಗೆ ಇದ್ದಾರೆ. ಹಬ್ಬಕ್ಕೆ ಬಿರಿಯಾನಿ ಬರುವುದು ನಿಂತಿಲ್ಲ, ಸ್ಕೂಟರಿನಲ್ಲಿ ಬರುತ್ತದೆ. ಅವರ ಜಾಗ ನೀರಿನೊಳಗಿದೆ, ಆರ್‌ಟಿಸಿ ಕಂಪ್ಯೂಟರಿನೊಳಗಿದೆ. ಬೆಳೆಯ ಕಾಲಮಿನಲ್ಲಿ ಈಗಲೂ ತೆಂಗು ಎಂದೇ ಬರುತ್ತದಂತೆ.

ಈಗ ಅತ್ತೆಯ ಮೂಡಣ ನೆರೆಯವರು ಅತ್ತೆಯ ಮನೆಯನ್ನು ಪಡುಮನೆ ಎನ್ನಲು ಶುರುಮಾಡಿದ್ದಾರೆ.

ಕಲ್ಲು ಹಾಕಲಿಲ್ಲವೇ ಎಂದು ಕೇಳಬೇಡಿ. ಹಾಕಿದ್ದಾರೆ, ಹಾಕುತ್ತಲೇ ಇದ್ದಾರೆ. ಮೂಡಣದ ಗುಡ್ಡ ಒಡೆದು ಟಿಪ್ಪರಿನಲ್ಲಿ ತಂದು ಪಡುವಿನ ದಡಕ್ಕೆ ಸುರಿಯುತ್ತಾರೆ. ಬಡಿದ ತೆರೆ ಕಲ್ಲಿಗೆ ತಾಗಿ ಹಿಂದೆ ಹೋಗುವಾಗ ಅದರ ಬುಡದ ಮರಳನ್ನೇ ಎಳೆಯುತ್ತದೆ. ಎರಡು ಮಳೆಗಾಲದಲ್ಲಿ ಆನೆಯಂಥ ಕಲ್ಲು ಆಮೆಯಷ್ಟು ಕಾಣುತ್ತದೆ. ಕಲ್ಲು ಗಟ್ಟಿಯಾಗಿ ನಿಂತಲ್ಲಿ ಇನ್ನೊಂದು ಕಥೆ, ಕಲ್ಲು ಮುಗಿದ ಜಾಗದಲ್ಲಿ ಕಡಲು ಕೆಲಸ ಶುರುಮಾಡುತ್ತದೆ. 2010ರ ನಂತರ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದಲ್ಲಿ ನೀರಿನೊಳಗೆ ರೀಫು, ದಡದಲ್ಲಿ ಬರ್ಮು ಎಂದೆಲ್ಲ ದೊಡ್ಡ ಕೆಲಸವಾಯಿತು. ಅಲ್ಲಿ ಕೆಲವು ಕಡೆ ನೆಲ ನಿಂತಿತು. ಆಮೇಲಿನ ವರ್ಷಗಳಲ್ಲಿ ಪೇಪರಿನಲ್ಲಿ ತೆಂಕಣ ಉಚ್ಚಿಲ, ಬಟ್ಟಪ್ಪಾಡಿಗಳ ಹೆಸರು ಹೆಚ್ಚು ಬರತೊಡಗಿತು. ಕಡಲಿನ ಲೆಕ್ಕವನ್ನು ಒಂದು ಗ್ರಾಮಕ್ಕೆ ಬರೆದು ಮುಗಿಸಲು ಆಗುವುದಿಲ್ಲ. ಟೆಂಡರನ್ನು ಹಾಗೆಯೇ ಬರೆಯಬೇಕು. ಪ್ರತಿ ಜುಲೈಯಲ್ಲಿ ಯಾರಾದರೂ ಕೊಡೆ ಹಿಡಿಸಿಕೊಂಡು ಬಂದು ಶಾಶ್ವತ ಪರಿಹಾರದ ಮಾತಾಡಿ ಹೋಗುತ್ತಾರೆ. ಒಮ್ಮೆ ಬಂದವರಿಗೆ ಅತ್ತೆ ಚಹಾ ಕೊಟ್ಟು, ‘ಬರುವ ವರ್ಷವೂ ಬನ್ನಿ’ ಎಂದರು. ಉಪಚಾರದ ಮಾತು, ಅವರು ಯಾರಿಗೂ ಹಾಗೆಯೇ ಹೇಳುವುದು. ಕೊಡೆ ಹಿಡಿದವನಿಗೆ ಮಾತ್ರ ನಗು ಬಂದುಬಿಟ್ಟಿತು.

ಸೋಮೇಶ್ವರದ ದೇವರು ಗಟ್ಟಿ ಬಂಡೆ ನೋಡಿಯೇ ಕೂತಿದ್ದಾರೆ. ಮನುಷ್ಯರಿಗೆ ಅಷ್ಟು ದೂರಾಲೋಚನೆ ಇರಲಿಲ್ಲ. ಅಥವಾ ಬಂಡೆ ಎಲ್ಲರಿಗೆ ಸಾಕಾಗಲಿಲ್ಲ.

‘ಮಂಗಳೂರಿಗೆ ಬಂದುಬಿಡಿ ಅತ್ತೆ’ ಎಂದು ನಾನೂ ಹೇಳಿ ನೋಡಿದ್ದೇನೆ. ಅವರು ವಾದ ಮಾಡುವುದಿಲ್ಲ. ಪಡುವಿನಿಂದ ಬಂದ ಪೋರ್ಚುಗೀಸರಿಗೇ ಅಬ್ಬಕ್ಕ ಜಾಗ ಬಿಡಲಿಲ್ಲ ಎಂದು ಒಂದು ಸಲ ಹೇಳಿದರು, ಅದೂ ಟಿವಿಯಲ್ಲಿ ಉಳ್ಳಾಲದ ಅಬ್ಬಕ್ಕನ ಕಾರ್ಯಕ್ರಮ ನೋಡಿದ ದಿನ. ಮರುದಿನ ಅವರೇ, ‘ಅವಳಿಗೆ ಸೈನ್ಯ ಇತ್ತು’ ಎಂದು ಸೇರಿಸಿದರು. ಸರಿಯಲು ಮೂಡು ಇದ್ದವರಿಗೆ ಸರಿ ಎಂದು ಹೇಳುವುದು ಸುಲಭ. ಮಲ್ಪೆಯ ಆಚೆ ಪಡುಕೆರೆಯಲ್ಲಿ ನಿಂತರೆ ಪಡುವಿಗೂ ನೀರು, ಮೂಡಿಗೂ ನೀರು. ಮರವಂತೆಯಲ್ಲಂತೂ ಪಡುವಿಗೆ ಕಡಲು, ಮೂಡಿಗೆ ಸೌಪರ್ಣಿಕೆ, ನಡುವಿನ ಎಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66. ಬಸ್ಸಿನವರು ಅಲ್ಲಿ ನಿಧಾನ ಮಾಡುತ್ತಾರೆ, ಜನ ಫೋಟೋ ತೆಗೆಯುತ್ತಾರೆ. ನಾನೂ ತೆಗೆದಿದ್ದೇನೆ.

ಹೋದ ಜೂನ್‌ನಲ್ಲಿ ಒಂದು ರಾತ್ರಿ ಅಲ್ಲಿ ಉಳಿದೆ. ಚಾವಡಿಯಲ್ಲಿ ಈಗ ಮಂಚ ಇದೆ, ಆದರೂ ಚಾಪೆಯೇ ಬೇಕೆಂದೆ. ತಲೆಯ ಹತ್ತಿರ ಅತ್ತೆ ಚೆಂಬಿನಲ್ಲಿ ನೀರು ಇಟ್ಟರು. ಹೊರಗೆ ದೊಡ್ಡ ತೆರೆ ಬಿದ್ದಾಗಲೆಲ್ಲ ನೆಲಕ್ಕೆ ಒಂದು ಗುದ್ದು, ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯುವಂಥದ್ದು. ಮೊಬೈಲಿನ ಬೆಳಕು ಹಿಡಿದು ನೋಡಿದೆ. ಚೆಂಬಿನ ನೀರಿನಲ್ಲಿ ಅಂಚಿನಿಂದ ನಡುವಿಗೆ ಸಣ್ಣ ಬಳೆಯಂಥ ಅಲೆ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಒಳಗಿನ ಕೋಣೆಯಿಂದ ಅತ್ತೆಯ ಗೊರಕೆ ಏರುಪೇರಿಲ್ಲದೆ ಕೇಳುತ್ತಿತ್ತು.

ಬೆಳಿಗ್ಗೆ ಎದ್ದು ಪಡುವಿನ ಬಾಗಿಲು ತೆಗೆದರೆ ಎದುರಿಗೆ ಪಡುಮನೆಯವರ ಬಾವಿ. ಮನೆ ಹೋಯಿತು, ಬಾವಿ ಹೋಗಲಿಲ್ಲ. ರಿಂಗಿನ ಬಾವಿಯದು. ಸುತ್ತಲಿನ ಮರಳು ಹೋದ ಮೇಲೆ ರಿಂಗುಗಳು ಒಂದರ ಮೇಲೊಂದು ಹೊರಬಂದು, ಗದ್ದೆಯ ನಡುವೆ ಯಾರೋ ಮರೆತುಹೋದ ಚಿಮಣಿಯಂತೆ ನಿಂತಿವೆ. ಬಗ್ಗಿ ನೋಡುತ್ತಿದ್ದ ಬಾವಿಯನ್ನು ಈಗ ತಲೆಯೆತ್ತಿ ನೋಡಬೇಕು. ಸೆಖೆಗಾಲದಲ್ಲಿ ಮರಳು ಬಂದಷ್ಟು ಬಾವಿ ಗಿಡ್ಡವಾಗುತ್ತದೆ, ಮಳೆಗಾಲದಲ್ಲಿ ಬೆಳೆಯುತ್ತದೆ. ಅತ್ತೆಗೆ ಈಗ ಅದೇ ಮಾಪು. ತೆಂಗಿನ ಸಾಲು ಎರಡೇ ಉಳಿದಿರುವುದರಿಂದ ಸಾಲಿನಲ್ಲಿ ಹೇಳಲು ಹೆಚ್ಚೇನೂ ಇಲ್ಲ. ಜನವರಿಯಲ್ಲಿ ಎರಡು ರಿಂಗು ಕಾಣುತ್ತದೆ, ಹಿಂದೆ ಒಂದೂ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಹೋದ ವರ್ಷ ಐದರವರೆಗೆ ಹೋಗಿತ್ತು.

ಮಳೆ ಜೋರಾದ ದಿನ ಬೆಳಗಾಗುತ್ತಲೇ ನಾನು ಫೋನು ಮಾಡುತ್ತೇನೆ. ಮೊನ್ನೆಯೂ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಎತ್ತಿದರು.

‘ಎಷ್ಟು ರಿಂಗು ಅತ್ತೆ?’

‘ಫೋನಿದ್ದಾ, ಬಾವಿಯದ್ದಾ?’

‘ಬಾವಿಯದ್ದು.’

‘ನಿಲ್ಲು, ನೋಡಿ ಬರ್ತೇನೆ.’ ಬಾಗಿಲಿನ ಅಗುಳಿ ತೆಗೆದ ಸದ್ದು. ಆಮೇಲೆ ಫೋನಿನ ತುಂಬ ಕಡಲು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಮುಚ್ಚಿತು.

‘ಐದು ಪೂರ್ತಿ ಉಂಟು. ಆರನೆಯದರ ಅಂಚು ಕಾಣ್ತದೆ. ನೀನು ಆದಿತ್ಯವಾರ ಬರುದಾದರೆ ಒಣಮೀನು ತರಬೇಡ, ಮನೆಯಲ್ಲಿ ಉಂಟು. ಕಡೆಯುವ ಕಲ್ಲನ್ನು ಸ್ವಲ್ಪ ಮೂಡಕ್ಕೆ ಸರಿಸ್ಲಿಕ್ಕೆ ಉಂಟು, ನನ್ನೊಬ್ಬಳಿಂದ ಆಗುದಿಲ್ಲ.’