ಕಾಸರಗೋಡಿನಿಂದ ವೈಟ್‌ಫೀಲ್ಡ್‌ಗೆ ಬಂದ ಲೈಸೆನ್ಸ್

ನನ್ನ ಹೆಂಡತಿ ಕ್ಲಿನಿಕಲ್ ಸೈಕಾಲಜಿಸ್ಟ್. ಇದನ್ನು ಹೇಳಿದ ಕೂಡಲೇ ನಮ್ಮ ಆಫೀಸಿನಲ್ಲಿ ಯಾರಾದರೊಬ್ಬರು 'ಹಾಗಾದ್ರೆ ನಿನ್ನ ಮೈಂಡ್ ಓದ್ತಾರಾ?' ಅಂತ ಕೇಳೇ ಕೇಳುತ್ತಾರೆ. ಓದಲ್ಲ. ಗ್ಯಾಸ್ ಬುಕ್ ಮಾಡೋದು ನೆನಪಿದೆಯಾ ಅಂತಲೂ ಅವಳು ಬಾಯಿಬಿಟ್ಟೇ ಕೇಳಬೇಕು.

ಅವಳು ಕಾಸರಗೋಡಿನವಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ಎಂ.ಫಿಲ್ ಮುಗಿಸಿ ನಾಲ್ಕು ವರ್ಷ ಅಲ್ಲೇ ಕೆಲಸ ಮಾಡಿದಳು. ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಅದು. ಅವಳ ಹತ್ತಿರ ಬರುತ್ತಿದ್ದವರಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು ಮತ್ತು ಅವರ ಅಮ್ಮಂದಿರೇ ಹೆಚ್ಚು. ನಾನು ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮದುವೆ ಗೊತ್ತಾದಾಗ ಎರಡೂ ಮನೆಯವರು ಕೇಳಿದ್ದು ಒಂದೇ ಮಾತು: 'ಕೇರಳದ ಲೈಸೆನ್ಸ್ ಕರ್ನಾಟಕದಲ್ಲಿ ನಡೀತದಾ?'

ಅನುಮಾನ ಸಹಜವೇ. ಡಾಕ್ಟರಿಗೆ ರಾಜ್ಯದ ಮೆಡಿಕಲ್ ಕೌನ್ಸಿಲ್ ಇದೆ, ವಕೀಲರಿಗೆ ರಾಜ್ಯದ ಬಾರ್ ಕೌನ್ಸಿಲ್ ಇದೆ. ಆದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ 'ಕೇರಳದ ಲೈಸೆನ್ಸ್' ಅನ್ನೋದೇ ಇಲ್ಲ. ಇವರು ನೋಂದಣಿ ಮಾಡಿಸಬೇಕಾದದ್ದು ದೆಹಲಿಯಲ್ಲಿರುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ. ಎಲ್ಲರೂ ಕರೆಯೋದು ಆರ್‌ಸಿಐ ಅಂತ. 1992ರ ಕಾಯ್ದೆ ಅದು. ಅಲ್ಲಿ ಕೊಡುವ ಸಿಆರ್‌ಆರ್ ನಂಬರ್ ಇದ್ದರೆ ದೇಶದ ಯಾವ ಮೂಲೆಯಲ್ಲಾದರೂ ಪ್ರಾಕ್ಟೀಸ್ ಮಾಡಬಹುದು. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು; ಅದಕ್ಕೆ ತರಬೇತಿ, ಕಾರ್ಯಾಗಾರಗಳಿಗೆ ಹೋಗಿ ಪಾಯಿಂಟ್ಸ್ ಸೇರಿಸಿಕೊಂಡಿರಬೇಕು. ಊರು ಬದಲಾದರೆ ವಿಳಾಸ ಬದಲಾಗುತ್ತದೆ, ನಂಬರ್ ಅದೇ ಇರುತ್ತದೆ.

ತಮಾಷೆ ಏನು ಗೊತ್ತಾ? ಅವಳ ಜೊತೆ ಕೆಎಲ್-14 ನಂಬರಿನ ಸ್ಕೂಟರ್ ಕೂಡ ಬಂತು. ಅದಕ್ಕೆ ಕಾಸರಗೋಡಿನ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿನ ತೆರಿಗೆ, ಹನ್ನೆರಡು ತಿಂಗಳೊಳಗೆ ಹೊಸ ನಂಬರ್. ಮನುಷ್ಯರ ಮನಸ್ಸಿಗೆ ಚಿಕಿತ್ಸೆ ಕೊಡುವ ಹಕ್ಕು ಗಡಿ ದಾಟೋದು ಸ್ಕೂಟರ್‌ಗಿಂತ ಸುಲಭ.

ಹಾಗಂತ ರಾಜ್ಯದಲ್ಲಿ ಏನೂ ಮಾಡಬೇಕಾಗಿಲ್ಲ ಅಂತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಪ್ರತಿ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರವೂ ತನ್ನಲ್ಲಿ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್, ಮಾನಸಿಕ ಆರೋಗ್ಯ ನರ್ಸ್, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳ ಪಟ್ಟಿ ಇಡಬೇಕು. ಕೇರಳದ ಪಟ್ಟಿಯಲ್ಲಿದ್ದ ಹೆಸರು ತಾನಾಗಿ ಇಲ್ಲಿಗೆ ಬರೋದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಿಮ್ ಅದೇ, ಹೊಸ ಆಫೀಸಿನ ವೈಫೈಗೆ ಮಾತ್ರ ಬೇರೆ ಲಾಗಿನ್. ಅವಳು ಆರ್‌ಸಿಐ ಸರ್ಟಿಫಿಕೇಟು, ಎಂ.ಫಿಲ್ ದಾಖಲೆ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ಆ ಕೆಲಸವನ್ನೂ ಶುರು ಮಾಡಿದಳು. ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡಿರಲಿಲ್ಲ, ಒಂದು ಅಫಿಡವಿಟ್ ಉಳಿಯಿತು.

ಇದನ್ನೆಲ್ಲ ಅಮೆರಿಕದಲ್ಲಿರುವ ಅವಳ ಸೀನಿಯರ್‌ಗೆ ಹೇಳಿದಾಗ ಆಕೆ ನಕ್ಕುಬಿಟ್ಟರು. ಅಲ್ಲಿ ಲೈಸೆನ್ಸ್ ಕೊಡೋದೇ ಆಯಾ ರಾಜ್ಯದ ಬೋರ್ಡ್. ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೆ ಆ ರಾಜ್ಯದ ಲೈಸೆನ್ಸ್ ಬೇಕು. ಸೈಪ್ಯಾಕ್ಟ್ ಅನ್ನೋ ಒಪ್ಪಂದಕ್ಕೆ ಸೇರಿದ ರಾಜ್ಯಗಳಲ್ಲಿ ಮಾತ್ರ, ಪ್ರತ್ಯೇಕ ಅನುಮತಿ ಪಡೆದವರು ವಿಡಿಯೊದಲ್ಲಿ ಗಡಿಯಾಚೆಯವರನ್ನು ನೋಡಬಹುದು. ಖುದ್ದಾಗಿ ಹೋಗಿ ನೋಡೋದಾದ್ರೆ ಒಂದು ರಾಜ್ಯದಲ್ಲಿ ವರ್ಷಕ್ಕೆ 30 ದಿನ. 'ನಿಂದು ಲಾಟರಿ ಕಣೇ' ಅಂದರು ಆಕೆ.

ಲಾಟರಿ ಹೊಡೆದವಳ ಮುಖ ಹಾಗಿರಲಿಲ್ಲ. ಮದುವೆಗೆ ಮುಂಚಿನ ಎರಡು ತಿಂಗಳು ಅವಳು ಸೀರೆ ನೋಡಿದ್ದಕ್ಕಿಂತ ಹೆಚ್ಚು ಹ್ಯಾಂಡೋವರ್ ನೋಟ್ಸ್ ಬರೆದಳು. ನಾವು ಪ್ರಾಜೆಕ್ಟ್ ಬಿಡುವಾಗ ಕೆಟಿ ಕೊಡ್ತೀವಲ್ಲ, ಹಾಗೇ ಅಂದುಕೊಂಡು ಕೇಳಿದೆ, 'ಡಾಕ್ಯುಮೆಂಟ್ ಇದ್ರೆ ಮುಂದಿನವರು ನೋಡ್ಕೊಳ್ತಾರಲ್ವಾ?' ಅವಳೆಂದಳು: 'ಕೋಡ್‌ಗೆ ನೀನು ಹೋಗ್ತೀ ಅಂತ ಬೇಜಾರು ಉಂಟಾ ಮಾರಾಯ?'

ಯಾರ ಹೆಸರನ್ನೂ ಅವಳು ನನಗೆ ಹೇಳಿಲ್ಲ, ಹೇಳುವ ಹಾಗೂ ಇಲ್ಲ. ಒಬ್ಬ ಹುಡುಗನ ಬಗ್ಗೆ ಮಾತ್ರ ಇಷ್ಟು ಹೇಳಿದ್ದಳು: ಅವನು ಬಾಯಿ ಬಿಡೋಕೆ ಏಳು ತಿಂಗಳು ಬೇಕಾಯಿತು. ಅವನ ಅಮ್ಮ ಕೇಳಿದರಂತೆ, 'ನೀವು ಹೋದರೆ ಅವ ಪುನಃ ಶುರುವಿಂದ ಹೇಳ್ಬೇಕಾ ಮೇಡಂ?'

ವಿಡಿಯೊ ಕಾಲ್‌ನಲ್ಲಿ ಮುಂದುವರಿಸಬಹುದಿತ್ತು. ಆರ್‌ಸಿಐ ನಂಬರ್ ದೇಶಕ್ಕೆಲ್ಲ ನಡೆಯುವುದರಿಂದ ಆ ಕಡೆ ಅಡ್ಡಿಯಿಲ್ಲ. ಅವಳ ಲೆಕ್ಕ ಬೇರೆ. ನಡುರಾತ್ರಿ ಅವನಿಗೆ ಏನಾದರೂ ಆದರೆ ಇವಳಿರೋದು ಸುಮಾರು 350 ಕಿಲೋಮೀಟರ್ ದೂರದಲ್ಲಿ. ಬಾಗಿಲು ತಟ್ಟಬಲ್ಲ ಒಬ್ಬರು ಹತ್ತಿರದಲ್ಲಿ ಬೇಕೇ ಬೇಕು. ಹಾಗಾಗಿ ಅಲ್ಲಿನ ಒಬ್ಬ ಸಹೋದ್ಯೋಗಿಗೆ ಅವನನ್ನು ಒಪ್ಪಿಸಿ, ಕೆಲವು ತಿಂಗಳು ಇಬ್ಬರೂ ಸೇರಿ ನೋಡೋದು ಅಂತಾಯಿತು. ಮನೆಯವರ ಫೋನಿನಲ್ಲಿ 14416 ಸೇವ್ ಮಾಡಿಸಿದಳು. ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನೋಡಲ್ ಕೇಂದ್ರ ನಮ್ಮ ನಿಮ್ಹಾನ್ಸ್. ತಂತ್ರಜ್ಞಾನದ ನೆರವು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬಿಯದ್ದು. ನಮ್ಮ ಬೆಲ್ಟಿನ ಎಂಜಿನಿಯರುಗಳು ಮಾಡಿದ್ದೆಲ್ಲ ಬರೀ ಡೆಲಿವರಿ ಆ್ಯಪ್ ಅಲ್ಲ ಅಂತ ನಾನು ಕಾಲರ್ ಎತ್ತಿದೆ.

ಇಲ್ಲಿಗೆ ಬಂದ ಮೇಲೆ ಮೊದಲ ಇಂಟರ್‌ವ್ಯೂ ಐಟಿಪಿಎಲ್ ಕಡೆಯ ಒಂದು ಕಂಪನಿಯಲ್ಲಿ. ಹೆಸರು ಬೇಡ. ಐಟಿ ಕಂಪನಿಗಳ ಉದ್ಯೋಗಿಗಳಿಗೆ ಆ್ಯಪ್ ಮೂಲಕ ಕೌನ್ಸೆಲಿಂಗ್ ಕೊಡುತ್ತಾರೆ. ಸಂಬಳ ಊರಿನದಕ್ಕೆ ಎರಡು ಪಟ್ಟು. ಮನೆ ಬಾಡಿಗೆ, ಕಾರಿನ ಇಎಂಐ ಎಲ್ಲ ನನ್ನ ಎಕ್ಸೆಲ್ ಶೀಟಿನಲ್ಲಿ ಕೆಂಪು ಬಣ್ಣದಲ್ಲಿದ್ದ ಕಾಲ ಅದು. ಇಂಟರ್‌ವ್ಯೂನಲ್ಲಿ ಕೇಳಿದ್ದು: ದಿನಕ್ಕೆ ಎಷ್ಟು ಸೆಷನ್ ಮಾಡ್ತೀರಿ, ಹಿಂದಿ ಬರುತ್ತಾ, ನೋಟಿಸ್ ಪೀರಿಯಡ್ ಎಷ್ಟು. ಸಿಆರ್‌ಆರ್ ನಂಬರ್ ಕೇಳಲಿಲ್ಲ. ಇವಳೇ ಸರ್ಟಿಫಿಕೇಟ್ ಮುಂದಿಟ್ಟರೆ 'ಇಟ್ಸ್ ಓಕೆ, ಬೇಕಾಗಲ್ಲ' ಅಂದರಂತೆ. ಟೀಮಿನಲ್ಲಿದ್ದವರಲ್ಲಿ ಕೆಲವರದ್ದು ಮೂರು ತಿಂಗಳ ಆನ್‌ಲೈನ್ ಕೋರ್ಸ್. ಪ್ರೊಫೈಲ್‌ನಲ್ಲಿ ಎಲ್ಲರೂ 'ಸೈಕಾಲಜಿಸ್ಟ್'.

ನೋಂದಣಿ ಇಲ್ಲದೆ ಈ ವೃತ್ತಿ ನಡೆಸಿದರೆ ಆರ್‌ಸಿಐ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಅಂತಿದೆ. ಸಾವಿರ ರೂಪಾಯಿ! ಫೀನಿಕ್ಸ್ ಮಾಲ್‌ನಲ್ಲಿ ಇಬ್ಬರ ಊಟಕ್ಕೆ ಸಾಕಾಗಲ್ಲ. ಎಂ.ಎ., ಎಂ.ಎಸ್ಸಿ. ಮಾಡಿ ಕೌನ್ಸೆಲಿಂಗ್ ಮಾಡುವ ಒಳ್ಳೆಯವರೂ ಇದ್ದಾರೆ. ಅವರು ಈ ನಂಬರಿನ ಲೆಕ್ಕಕ್ಕೆ ಬರೋದಿಲ್ಲ. 2021ರಲ್ಲಿ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಬಂದಿದ್ದು ಇಂಥವರನ್ನೂ ನೋಂದಣಿಯೊಳಗೆ ತರೋಕೆ. ಆದರೆ ಆ ಮೂರು ತಿಂಗಳ ಕೋರ್ಸಿನವರು ಅವರೂ ಅಲ್ಲ.

ರಾತ್ರಿ ಎಕ್ಸೆಲ್ ಶೀಟನ್ನು ಅವಳ ಮುಂದಿಟ್ಟೆ. ನೋಡಿದಳು. 'ಊರಲ್ಲಿ ಒಂದು ಮಗುವಿನ ರಿಪೋರ್ಟಿಗೆ ಸೈನ್ ಹಾಕಿದ್ರೆ ಕೆಳಗೆ ನನ್ನ ನಂಬರ್ ಬರೀಬೇಕು. ಅದನ್ನು ನೋಡಿಯೇ ಅದಕ್ಕೆ ಪೆನ್ಷನ್ ಸಿಗೂದು. ಇಲ್ಲಿ ನಂಬರೇ ಬೇಡ ಅಂದ್ರೆ ನಾನ್ಯಾಕೆ ಬೇಕು?' ಶೀಟ್ ಮುಚ್ಚಿದೆ. ಮೂರು ತಿಂಗಳು ಒಂದೇ ಸಂಬಳದಲ್ಲಿ ಕಳೆದೆವು. ಸ್ವಿಗ್ಗಿ ನಿಂತಿತು, ಅತ್ತೆ ಕಳಿಸಿದ ಹಪ್ಪಳ, ಸಾಂಬಾರು ಪುಡಿ ಓಡಿತು.

ಈಗ ಅವಳು ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿದ್ದಾಳೆ. ಮೊದಲ ದಿನವೇ ನಂಬರ್ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ತಾಳೆ ನೋಡಿಕೊಂಡರಂತೆ. ಮನೆಗೆ ಬಂದು ಅದನ್ನೇ ಖುಷಿಯಿಂದ ಹೇಳಿದಳು. ನೀವೂ ಹಾಗೆ ನೋಡಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರ ಸಿಆರ್‌ಆರ್ ನಂಬರ್ ಕೇಳಿದರೆ ಅವರು ಬೇಜಾರಾಗಲ್ಲ, ಬೇಜಾರಾದರೆ ನೀವು ಎದ್ದು ಬನ್ನಿ.

ಕೆಲಸದಲ್ಲಿ ಭಾಷೆಯೂ ಹೊಸದಾಗಿ ಕಲಿಯಬೇಕಾಯಿತು. ಬಿನೆ-ಕಾಮತ್ ಅನ್ನೋ ಬುದ್ಧಿಮತ್ತೆ ಪರೀಕ್ಷೆ ಇದೆ. 1930ರ ದಶಕದಲ್ಲಿ ವಿ. ವಿ. ಕಾಮತ್ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ಪರೀಕ್ಷೆ ಅದೇ, ಅದರ ಸುತ್ತಲಿನ ಮಾತು ಬೇರೆ. ಮಗು ಹೆದರದಿರಲಿ ಅಂತ 'ಬಚ್ಚಂಗಾಯಿ ಇಷ್ಟವಾ?' ಅಂತ ಕೇಳಿದರೆ ಹೊಸಕೋಟೆಯ ಹುಡುಗಿ ಅಮ್ಮನ ಮುಖ ನೋಡಿತಂತೆ. ಕಲ್ಲಂಗಡಿ ಅನ್ನೋದು ಈಗ ರೂಢಿಯಾಗಿದೆ. ಕಾಡುಗೋಡಿ ಕಡೆಯ ಮಲಯಾಳಿ ಅಮ್ಮಂದಿರು ಮಾತ್ರ ಇವಳನ್ನೇ ಕೇಳಿಕೊಂಡು ಬರುತ್ತಾರೆ.

ಆ ಹುಡುಗನ ಜೊತೆ ಶನಿವಾರ ಸಂಜೆಯ ಕಾಲ್ ಐದು ತಿಂಗಳು ನಡೆಯಿತು. ಅಷ್ಟು ಹೊತ್ತು ನಾನು ಕಿವಿಗೆ ಇಯರ್‌ಫೋನ್ ಹಾಕಿ ಅಪಾರ್ಟ್‌ಮೆಂಟಿನ ಕೆಳಗೆ ವಾಕ್ ಮಾಡಬೇಕು, ಅದು ನಿಯಮ. ಮೊದಲು ಮುಕ್ಕಾಲು ಗಂಟೆ, ಆಮೇಲೆ ಅರ್ಧ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಕಳೆದ ಶನಿವಾರ ಹತ್ತೇ ನಿಮಿಷಕ್ಕೆ ಮೇಲೆ ಬಾ ಅಂತ ಮೆಸೇಜ್ ಬಂತು. ಹೋದರೆ ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದಳು. 'ಹೊಸ ಮೇಡಂ ಹತ್ರ ಹೇಳಿಯಾಯ್ತಂತೆ, ನನ್ಹತ್ರ ಹೇಳ್ಲಿಕ್ಕೆ ಎಂತ ಇಲ್ಲಂತೆ' ಅಂದಳು. ಕಣ್ಣು ಒರೆಸಿಕೊಂಡು ಚಾ ಇಡೋಕೆ ಎದ್ದಳು.