ಹಳೆಯ ಪಕ್ಷವನ್ನು ಕಳಚಿ ಹಾಕಬೇಕೇ?

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಪತ್ರ ಬರೆದು, "ಮೇಷ್ಟ್ರೇ, ಇಲ್ಲಿಯ ಕನ್ಸರ್ವೇಟಿವ್ ಪಕ್ಷದ ಕಾಲ ಮುಗಿಯಿತು ಎನ್ನುತ್ತಾರೆ. ಅದರ ಜಾಗಕ್ಕೆ ರಿಫಾರ್ಮ್ ಪಕ್ಷ ಬರುವುದು ಲೇಸೇ?" ಎಂದು ಕೇಳಿದ್ದಾನೆ. ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಭಾರತದ ಪ್ರಜೆಯಾಗಿಯೇ ಅಲ್ಲಿ ವಾಸಿಸುವವರಿಗೂ ಸಂಸತ್ತಿನ ಚುನಾವಣೆಯಲ್ಲಿ ಮತದಾನದ ಹಕ್ಕುಂಟು. ಬಹುಕಾಲ ಇತಿಹಾಸದ ಪಾಠ ಹೇಳಿದವನಾಗಿ ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

14 ವರ್ಷ ಆಳಿದ ಕನ್ಸರ್ವೇಟಿವ್ ಪಕ್ಷವು 2024ರ ಜುಲೈನಲ್ಲಿ 121 ಸ್ಥಾನಗಳಿಗೆ ಕುಸಿಯಿತು. ಆ ಪಕ್ಷದ ಮತ್ತು ರಿಫಾರ್ಮ್ ಪಕ್ಷದ ಮತಗಳನ್ನು ಕೂಡಿಸಿದರೆ ಶೇಕಡಾ 38ರಷ್ಟಾಗುತ್ತದೆ. ಗೆದ್ದ ಲೇಬರ್ ಪಕ್ಷಕ್ಕೆ ಬಂದದ್ದು ಶೇಕಡಾ 34ಕ್ಕೂ ಕಡಿಮೆ. ಆದರೂ ಲೇಬರ್ ಪಕ್ಷಕ್ಕೆ 400ಕ್ಕೂ ಹೆಚ್ಚು ಸ್ಥಾನಗಳು ದೊರೆತವು. ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬ ಮಾತು ಅಲ್ಲಿಯೂ ನಿಜವಾಯಿತು.

ಕೆನಡಾದಲ್ಲಿ ಇದು ಮೊದಲೇ ನಡೆದಿತ್ತು. ಅಧಿಕಾರದಲ್ಲಿದ್ದ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ 1993ರಲ್ಲಿ ಶೇಕಡಾ 16ರಷ್ಟು ಮತ ಬಂದರೂ ದಕ್ಕಿದ್ದು ಎರಡೇ ಸ್ಥಾನ. ಅಲ್ಲಿಯೂ ರಿಫಾರ್ಮ್ ಎಂಬ ಹೆಸರಿನ ಪಕ್ಷ 52 ಸ್ಥಾನ ಗೆದ್ದಿತು. ಆದರೆ ಹೊಸತು ಹಳೆಯದನ್ನು ಪೂರ್ತಿ ನುಂಗಲಾಗಲಿಲ್ಲ. ಲಿಬರಲ್ಲರು ಸತತ ಮೂರು ಚುನಾವಣೆ ಗೆದ್ದ ಮೇಲೆ, 2003ರಲ್ಲಿ ಎರಡು ಬಣಗಳೂ ಒಂದಾದವು. ಅಧಿಕಾರ ಮರಳಿದ್ದು 2006ರಲ್ಲಿ.

ಆದರೆ ಸ್ಥಾನಗಳ ಲೆಕ್ಕವೇ ಕೊನೆಯ ಮಾತಲ್ಲ. ಬ್ರಿಟನ್ನಿನ ಈ ಪಕ್ಷ 1846ರಲ್ಲಿ ಧಾನ್ಯ ಕಾಯಿದೆಗಳ ವಿಷಯವಾಗಿ ಒಡೆಯಿತು. ಮತ್ತೆ ಬಹುಮತ ಕಾಣಲು 1874ರವರೆಗೆ ಕಾಯಿತು. ಸೋಲು ಸಾವಲ್ಲ. ನಾನು ಮೆಚ್ಚುವುದು ಅದರ ಇನ್ನೊಂದು ಗುಣವನ್ನು. ರಾಷ್ಟ್ರೀಯ ಆರೋಗ್ಯ ಸೇವೆಯ ಮಸೂದೆಗೆ 1946ರಲ್ಲಿ ವಿರುದ್ಧವಾಗಿ ಮತ ಹಾಕಿದ ಅದೇ ಪಕ್ಷ, 1951ರಲ್ಲಿ ಅಧಿಕಾರಕ್ಕೆ ಮರಳಿದಾಗ ಆ ಸೇವೆಯನ್ನು ಕೆಡವಲಿಲ್ಲ, ಮುಂದುವರಿಸಿತು. ಎದುರಾಳಿ ಕಟ್ಟಿದ್ದೂ ನಾಡಿನ ಸ್ವತ್ತೆಂದು ಒಪ್ಪಿಕೊಳ್ಳುವುದೇ ಸಂಪ್ರದಾಯಶೀಲತೆಯ ನಿಜವಾದ ಸತ್ವ. 2022ರಲ್ಲಿ ಲಿಜ್ ಟ್ರಸ್ ಅವರ ಸರ್ಕಾರ ದುಡುಕಿ ತೆರಿಗೆ ಇಳಿಸಲು ಹೊರಟು, 49 ದಿನಗಳಲ್ಲಿ ಮುಗಿದುಹೋದಾಗ, ಪಕ್ಷ ತನ್ನ ಆ ಎಚ್ಚರದ ಸ್ವಭಾವವನ್ನೇ ಮರೆತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸೋತಿತೆಂಬ ಒಂದೇ ಕಾರಣಕ್ಕೆ ಹಳೆಯ ಪಕ್ಷವನ್ನು ತೆಗೆದುಹಾಕಬೇಕಾಗಿಲ್ಲ. ಆದರೆ ಅದು ತನ್ನ ಸ್ವಭಾವಕ್ಕೆ ಮರಳದಿದ್ದರೆ, ಉಳಿಸಿಕೊಳ್ಳಬೇಕೆಂಬ ಹಂಗೂ ಯಾರಿಗೂ ಇಲ್ಲ. ಮತ ಕೇಳಲು ಬಂದವರು ಯಾವ ಪಕ್ಷದವರೇ ಆಗಲಿ, ಏನನ್ನು ಬದಲಿಸುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಏನನ್ನು ಮುಟ್ಟದೆ ಬಿಡುತ್ತೀರಿ ಎಂದು ನೀನು ಕೇಳು, ಮಗೂ. ಆ ಉತ್ತರವನ್ನು ತೂಗಿ ನೋಡಿ ಮತ ಹಾಕು.